ಕಪ್ಪು ಜ್ವರಕ್ಕೆ ಮದ್ದು ಕಂಡುಹಿಡಿದ ಉಪೇಂದ್ರನಾಥ ಬ್ರಹ್ಮಚಾರಿ

ಮಕ್ಕಳೇ, ಪ್ರಯೋಗಾಲಯ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಸಾಲಾಗಿ ಜೋಡಿಸಿದ ಗಾಜಿನ ಪಾತ್ರೆಗಳು, ಉರಿಯುವ ಬರ್ನರ್, ನೀರಿನ ನಲ್ಲಿ, ಪ್ರಕಾಶಮಾನವಾದ ವಿದ್ಯುತ್ ದೀಪ, ಅಲ್ಲವೇ? ಸುಮಾರು ನೂರು ವರ್ಷಗಳ ಹಿಂದೆ ಕೋಲ್ಕತ್ತದ ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿ ಒಂದು ಪುಟ್ಟ ಕೋಣೆ ಇತ್ತು. ಅಲ್ಲಿ ಅನಿಲದ ಬರ್ನರ್ ಇರಲಿಲ್ಲ, ನಲ್ಲಿ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ರಾತ್ರಿಯಾದರೆ ಸೀಮೆಎಣ್ಣೆ ದೀಪವೇ ಗತಿ. ಆ ಕೋಣೆಯಲ್ಲಿ ತಯಾರಾದ ಒಂದು ಔಷಧ ಲಕ್ಷಾಂತರ ಜನರ ಪ್ರಾಣ ಉಳಿಸಿತು. ಅದನ್ನು ತಯಾರಿಸಿದವರು ಡಾ. ಉಪೇಂದ್ರನಾಥ ಬ್ರಹ್ಮಚಾರಿ.

ಅವರು ಹೋರಾಡಿದ್ದು 'ಕಾಲಾ ಅಜಾರ್' ಎಂಬ ಕಾಯಿಲೆಯ ವಿರುದ್ಧ. ಕಾಲಾ ಎಂದರೆ ಕಪ್ಪು, ಅಜಾರ್ ಎಂದರೆ ಕಾಯಿಲೆ. ಈ ಕಾಯಿಲೆ ಏನು, ಅದಕ್ಕೆ ಮದ್ದು ಹುಡುಕುವುದು ಏಕೆ ಅಷ್ಟು ಕಷ್ಟವಾಗಿತ್ತು, ಆ ಹುಡುಕಾಟ ಇಂದಿಗೂ ಏಕೆ ಮುಂದುವರಿದಿದೆ ಎಂಬುದನ್ನು ತಿಳಿಯೋಣ ಬನ್ನಿ.

ಊರುಗಳನ್ನೇ ಬರಿದು ಮಾಡಿದ ಜ್ವರ

ಕಾಲಾ ಅಜಾರ್ ಬಂದವರಿಗೆ ಮೊದಲು ಜ್ವರ ಬರುತ್ತದೆ. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಡದೆ ಕಾಡುತ್ತದೆ. ರೋಗಿಯ ಮೈ ಸೊರಗುತ್ತದೆ, ಹೊಟ್ಟೆ ಮಾತ್ರ ಉಬ್ಬುತ್ತದೆ. ಏಕೆ ಗೊತ್ತೇ? ನಮ್ಮ ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಅಡಿಯಲ್ಲಿ 'ಗುಲ್ಮ' ಎಂಬ ಅಂಗವಿದೆ. ಈ ಕಾಯಿಲೆಯಲ್ಲಿ ಅದು ವಿಪರೀತವಾಗಿ ಊದಿಕೊಳ್ಳುತ್ತದೆ. ಯಕೃತ್ತೂ ದೊಡ್ಡದಾಗುತ್ತದೆ. ರಕ್ತ ಕಡಿಮೆಯಾಗುತ್ತದೆ. ಅನೇಕರ ಚರ್ಮ ಕಪ್ಪಗಾಗುತ್ತದೆ. ಅದರಿಂದಲೇ ಆ ಹೆಸರು. ಚಿಕಿತ್ಸೆ ಸಿಗದಿದ್ದರೆ ನೂರು ರೋಗಿಗಳಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಸಾಯುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳ, ಬಿಹಾರ ಮತ್ತು ಅಸ್ಸಾಂಗಳಲ್ಲಿ ಈ ರೋಗ ಮತ್ತೆ ಮತ್ತೆ ಹಬ್ಬಿತು. ಅಸ್ಸಾಂನಲ್ಲಿ ಹಳ್ಳಿಗೆ ಹಳ್ಳಿಯೇ ಪಾಳು ಬಿದ್ದದ್ದುಂಟು. ವೈದ್ಯರು ಇದನ್ನು ಮಲೇರಿಯಾ ಎಂದೇ ಬಹಳ ಕಾಲ ಭಾವಿಸಿದ್ದರು. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಕೊಟ್ಟರು. ಜ್ವರ ಇಳಿಯಲಿಲ್ಲ.

ರೈಲ್ವೆ ಡಾಕ್ಟರರ ಮಗ

ಉಪೇಂದ್ರನಾಥರು ಹುಟ್ಟಿದ್ದು 1873ರ ಡಿಸೆಂಬರ್ 19ರಂದು. ತಂದೆ ನೀಲಮಣಿ ಬ್ರಹ್ಮಚಾರಿಯವರು ರೈಲ್ವೆಯಲ್ಲಿ ವೈದ್ಯರಾಗಿದ್ದರು. ತಾಯಿ ಸೌರಭ ಸುಂದರಿ ದೇವಿ. ಬಾಲಕ ಉಪೇಂದ್ರ ಜಮಾಲ್‌ಪುರದ ರೈಲ್ವೆ ಶಾಲೆಯಲ್ಲಿ ಓದಿದರು. ನಂತರ ಹೂಗ್ಲಿ ಕಾಲೇಜಿನಲ್ಲಿ ಪದವಿ ಪಡೆದರು.

ಅವರಿಗೆ ಗಣಿತವೂ ಇಷ್ಟ, ರಸಾಯನಶಾಸ್ತ್ರವೂ ಇಷ್ಟ. ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎ. ಮಾಡಿದರು. ಆಮೇಲೆ ವೈದ್ಯಕೀಯ ಓದಿದರು. 1900ರ ಎಂ.ಬಿ. ಪರೀಕ್ಷೆಯಲ್ಲಿ ಅವರದೇ ಮೊದಲ ಸ್ಥಾನ. 1902ರಲ್ಲಿ ಎಂ.ಡಿ., 1904ರಲ್ಲಿ ಪಿಎಚ್.ಡಿ. ಪದವಿ ಬಂದವು. ಕೆಂಪು ರಕ್ತಕಣಗಳು ಒಡೆಯುವ ಬಗೆಯನ್ನು ಕುರಿತು ಅವರು ಸಂಶೋಧನೆ ನಡೆಸಿದ್ದರು.

ಈ ಓದಿನಲ್ಲಿ ಒಂದು ವಿಶೇಷವಿದೆ, ಗಮನಿಸಿದಿರಾ? ಅವರು ರೋಗಿಗಳನ್ನು ಪರೀಕ್ಷಿಸುವ ವೈದ್ಯರೂ ಹೌದು, ರಾಸಾಯನಿಕಗಳನ್ನು ಬಲ್ಲ ರಸಾಯನ ವಿಜ್ಞಾನಿಯೂ ಹೌದು. ಮುಂದೆ ಈ ಎರಡು ವಿದ್ಯೆಗಳೂ ಒಟ್ಟಿಗೆ ಉಪಯೋಗಕ್ಕೆ ಬಂದವು.

ಅವರು ಕೆಲಕಾಲ ಢಾಕಾದ ವೈದ್ಯಕೀಯ ಶಾಲೆಯಲ್ಲಿ ಕೆಲಸ ಮಾಡಿ, 1905ರಲ್ಲಿ ಕೋಲ್ಕತ್ತದ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಗೆ ಬಂದರು. ಅಲ್ಲಿ ಪಾಠ ಹೇಳುತ್ತಾ, ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಾ ಸುಮಾರು ಹದಿನೆಂಟು ವರ್ಷ ಕಳೆದರು. ಆ ಆಸ್ಪತ್ರೆಗೆ ಈಗ ನೀಲರತನ್ ಸರ್ಕಾರ್ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಎಂದು ಹೆಸರು. ವಾರ್ಡುಗಳಲ್ಲಿ ಕಾಲಾ ಅಜಾರ್ ರೋಗಿಗಳು ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ಬಂದವರಲ್ಲಿ ಬದುಕಿ ಹೋಗುವವರು ಕಡಿಮೆ.

ಶತ್ರು ಸಿಕ್ಕಿತು

ಅಷ್ಟು ಹೊತ್ತಿಗೆ ರೋಗದ ಕಾರಣ ಪತ್ತೆಯಾಗಿತ್ತು. ಕೋಲ್ಕತ್ತದ ಬಳಿಯ ಡಮ್‌ಡಮ್‌ನಲ್ಲಿ ಕಾಯಿಲೆ ತಗಲಿ ಸತ್ತ ಒಬ್ಬ ಸೈನಿಕನ ಗುಲ್ಮದಲ್ಲಿ ವಿಲಿಯಂ ಲೀಶ್‌ಮನ್ ಎಂಬ ವೈದ್ಯರು ವಿಚಿತ್ರ ಕಣಗಳನ್ನು ಕಂಡಿದ್ದರು. ಅದನ್ನು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮದ್ರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಎಂಬ ವೈದ್ಯರೂ ಅದೇ ಕಣಗಳನ್ನು ನೋಡಿದರು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿದ ರೊನಾಲ್ಡ್ ರಾಸ್ ಅವರು ಇಬ್ಬರ ಹೆಸರನ್ನೂ ಸೇರಿಸಿ ಆ ಜೀವಿಗೆ 'ಲೀಶ್‌ಮೇನಿಯಾ ಡೊನೊವನಿ' ಎಂದು ಕರೆದರು.

ಇದು ಒಂದೇ ಜೀವಕೋಶದ ಪರಾವಲಂಬಿ. ಪರಾವಲಂಬಿ ಎಂದರೆ ಇನ್ನೊಂದು ಜೀವಿಯ ಮೈಯಲ್ಲಿ ಇದ್ದು, ಅದರ ಆಹಾರವನ್ನೇ ಉಂಡು ಬದುಕುವ ಜೀವಿ. ನಮ್ಮ ದೇಹದೊಳಗೆ ಇದರ ಗಾತ್ರ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಭಾಗದಷ್ಟು ಮಾತ್ರ. ನಮ್ಮ ದೇಹದಲ್ಲಿ ರೋಗಾಣುಗಳನ್ನು ನುಂಗಿ ಕೊಲ್ಲುವ ಕಾವಲುಗಾರ ಕೋಶಗಳಿವೆ. ಲೀಶ್‌ಮೇನಿಯಾ ಹೋಗಿ ಸೇರಿಕೊಳ್ಳುವುದು ಆ ಕಾವಲುಗಾರ ಕೋಶಗಳ ಒಳಗೇ! ಪೊಲೀಸ್ ಠಾಣೆಯಲ್ಲೇ ಕಳ್ಳ ಅಡಗಿ ಕುಳಿತ ಹಾಗೆ.

ಒಬ್ಬರಿಂದ ಇನ್ನೊಬ್ಬರಿಗೆ ಇದನ್ನು ಸಾಗಿಸುವುದು ಮರಳು ನೊಣ. ಇದು ಸೊಳ್ಳೆಗಿಂತಲೂ ಚಿಕ್ಕದು. ಮಣ್ಣಿನ ಗೋಡೆಯ ಬಿರುಕುಗಳಲ್ಲಿ, ದನದ ಕೊಟ್ಟಿಗೆಯ ತೇವದಲ್ಲಿ ಇರುತ್ತದೆ. ಆದ್ದರಿಂದಲೇ ಈ ಕಾಯಿಲೆ ಹೆಚ್ಚಾಗಿ ಬಡವರ ಮನೆಗಳನ್ನು ಹುಡುಕಿಕೊಂಡು ಬರುತ್ತದೆ. ಮರಳು ನೊಣ ಕಚ್ಚಿದಾಗಲೇ ರೋಗ ಹರಡುತ್ತದೆ ಎಂಬುದು ಖಚಿತವಾಗಿ ಸಾಬೀತಾದದ್ದು 1942ರಲ್ಲಿ.

ಕಳೆ ಸಾಯಬೇಕು, ಪೈರು ಉಳಿಯಬೇಕು

ಶತ್ರು ಯಾರೆಂದು ಗೊತ್ತಾಯಿತು. ಕೊಲ್ಲುವುದು ಹೇಗೆ?

ರಾಗಿ ಹೊಲದಲ್ಲಿ ಕಳೆ ಕೀಳುವುದನ್ನು ನೀವು ನೋಡಿರುತ್ತೀರಿ. ಕಳೆಯೂ ಹಸಿರು, ಪೈರೂ ಹಸಿರು. ಎರಡರ ವ್ಯತ್ಯಾಸ ತಿಳಿಯದವರು ಹೊಲಕ್ಕಿಳಿದರೆ ಕಳೆಯ ಜೊತೆ ಪೈರನ್ನೂ ಕಿತ್ತು ಹಾಕುತ್ತಾರೆ. ಔಷಧದ ಕೆಲಸವೂ ಹೀಗೆಯೇ. ಪರಾವಲಂಬಿಯನ್ನು ಕೊಲ್ಲುವ ವಿಷಗಳು ಬೇಕಾದಷ್ಟಿವೆ. ಆದರೆ ಪರಾವಲಂಬಿ ಸಾಯಬೇಕು, ರೋಗಿ ಬದುಕಬೇಕು. ಅಂಥ ವಸ್ತುವನ್ನು ಹುಡುಕುವುದೇ ಕಷ್ಟ.

ಆಗ ಆಂಟಿಮನಿ ಎಂಬ ಧಾತುವಿನಿಂದ ಮಾಡಿದ 'ಟಾರ್ಟಾರ್ ಎಮೆಟಿಕ್' ಎಂಬ ಲವಣವನ್ನು ವೈದ್ಯರು ಬಳಸಲು ಆರಂಭಿಸಿದ್ದರು. 1915ರಲ್ಲಿ ಇಟಲಿಯಲ್ಲೂ ಭಾರತದಲ್ಲೂ ಇದರಿಂದ ಕೆಲವು ರೋಗಿಗಳು ಗುಣವಾದರು. ಆದರೆ ಇದರ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಕೊಡಬೇಕಿತ್ತು. ರೋಗಿಗಳಿಗೆ ವಾಂತಿಯಾಗುತ್ತಿತ್ತು, ಹೃದಯಕ್ಕೂ ಅಪಾಯವಿತ್ತು. ಬಳಲಿದ ಅನೇಕರು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಿದ್ದರು. ಕಳೆಯ ಜೊತೆ ಪೈರಿಗೂ ಪೆಟ್ಟು ಬೀಳುತ್ತಿತ್ತು.

ಪುಟ್ಟ ಕೋಣೆಯ ಪ್ರಯೋಗಗಳು

ಬ್ರಹ್ಮಚಾರಿಯವರು ಆಂಟಿಮನಿಯನ್ನು ಕೈಬಿಡಲಿಲ್ಲ. ಅದರ ಸೌಮ್ಯ ರೂಪವೊಂದನ್ನು ಹುಡುಕಲು ಹೊರಟರು. ಮೊದಲು ಪೊಟ್ಯಾಸಿಯಂ ಬದಲು ಸೋಡಿಯಂ ಇರುವ ಲವಣವನ್ನು ಪರೀಕ್ಷಿಸಿದರು. ಬಳಿಕ ಆಂಟಿಮನಿ ಲೋಹವನ್ನೇ ಅತ್ಯಂತ ಸೂಕ್ಷ್ಮ ಕಣಗಳಾಗಿ ಮಾಡಿ ನೋಡಿದರು. ಅದು ಕೆಲಸ ಮಾಡುತ್ತಿತ್ತು. ಆದರೆ ಅದನ್ನು ತಯಾರಿಸುವುದೂ ಕಷ್ಟ, ಕೆಡದಂತೆ ಇಡುವುದೂ ಕಷ್ಟ. ಹಳ್ಳಿಯ ದವಾಖಾನೆಗಳಿಗೆ ಕಳಿಸುವ ಮಾತೇ ಇರಲಿಲ್ಲ.

ಆಗ ಅವರ ಗಮನ ಇನ್ನೊಂದು ಔಷಧದ ಕಡೆಗೆ ಹೋಯಿತು. ಆಫ್ರಿಕದಲ್ಲಿ 'ನಿದ್ರಾ ರೋಗ' ಎಂಬ ಕಾಯಿಲೆ ಇದೆ. ಅದನ್ನು ತರುವ ಪರಾವಲಂಬಿಯು ಲೀಶ್‌ಮೇನಿಯಾದ ನೆಂಟ. ಅದಕ್ಕೆ ಆರ್ಸೆನಿಕ್ ಇರುವ 'ಅಟಾಕ್ಸಿಲ್' ಎಂಬ ಔಷಧವನ್ನು ಬಳಸಿದ್ದರು. ಆರ್ಸೆನಿಕ್ ಮತ್ತು ಆಂಟಿಮನಿ, ಧಾತುಗಳ ಪಟ್ಟಿಯಲ್ಲಿ ಒಂದೇ ಕುಟುಂಬಕ್ಕೆ ಸೇರಿದವು. ಅವುಗಳ ಗುಣಗಳಲ್ಲಿ ಹೋಲಿಕೆ ಇದೆ. ಹಾಗಾದರೆ ಅಟಾಕ್ಸಿಲ್‌ನಲ್ಲಿ ಆರ್ಸೆನಿಕ್ ಇರುವ ಜಾಗದಲ್ಲಿ ಆಂಟಿಮನಿಯನ್ನು ಕೂರಿಸಿದರೆ ಹೇಗೆ? ವೈದ್ಯರೊಳಗಿದ್ದ ರಸಾಯನ ವಿಜ್ಞಾನಿ ಹೀಗೆ ಯೋಚಿಸಿದರು.

ಅಂಥ ವಸ್ತು ತಯಾರಾಯಿತು. ಆದರೆ ಚುಚ್ಚುಮದ್ದು ಕೊಟ್ಟಾಗ ನೋವಾಗುತ್ತಿತ್ತು. ಕ್ವಿನೈನ್ ಚುಚ್ಚುಮದ್ದಿಗೆ ಯೂರಿಯಾ ಸೇರಿಸಿದರೆ ನೋವು ಕಡಿಮೆಯಾಗುತ್ತದೆ ಎಂಬುದು ಬ್ರಹ್ಮಚಾರಿಯವರಿಗೆ ಗೊತ್ತಿತ್ತು. ಯೂರಿಯಾ ಎಂದರೆ ಹೊಲಕ್ಕೆ ಹಾಕುವ ಗೊಬ್ಬರದ ಹೆಸರಲ್ಲವೇ ಎಂದು ನೀವು ಕೇಳಬಹುದು. ಹೌದು, ರಾಸಾಯನಿಕ ಅದೇ. ಆದರೆ ಔಷಧಕ್ಕೆ ಬಳಸುವುದನ್ನು ಪ್ರಯೋಗಾಲಯದಲ್ಲಿ ಶುದ್ಧ ಮಾಡಿರುತ್ತಾರೆ. ಬ್ರಹ್ಮಚಾರಿಯವರು ತಮ್ಮ ಆಂಟಿಮನಿ ವಸ್ತುವನ್ನು ಯೂರಿಯಾದೊಂದಿಗೆ ಸೇರಿಸಿದರು. 1920ರಲ್ಲಿ ಹೊಸ ಔಷಧ ಸಿದ್ಧವಾಯಿತು. ಅದಕ್ಕೆ 'ಯೂರಿಯಾ ಸ್ಟಿಬಮೈನ್' ಎಂದು ಹೆಸರಿಟ್ಟರು.

ರೋಗಿಗಳು ಮನೆಗೆ ನಡೆದು ಹೋದರು

ಹೊಸ ಔಷಧವನ್ನು ಅವರು ಮೊದಲು ಕೆಲವೇ ರೋಗಿಗಳಿಗೆ ಕೊಟ್ಟು ಎಚ್ಚರಿಕೆಯಿಂದ ಗಮನಿಸಿದರು. ಎಂಟು ರೋಗಿಗಳ ಮೇಲೆ ಆದ ಪರಿಣಾಮವನ್ನು 1922ರಲ್ಲಿ ಪ್ರಕಟಿಸಿದರು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಚಿಕಿತ್ಸೆ ಈಗ ಕೆಲವೇ ವಾರಗಳಲ್ಲಿ ಮುಗಿಯುತ್ತಿತ್ತು. ಜ್ವರ ಇಳಿಯುತ್ತಿತ್ತು, ಊದಿದ ಗುಲ್ಮ ಚಿಕ್ಕದಾಗುತ್ತಿತ್ತು. ಹಾಸಿಗೆ ಹಿಡಿದಿದ್ದವರು ಎದ್ದು ಮನೆಗೆ ನಡೆದರು.

ಬೇರೆ ವೈದ್ಯರೂ ಇದನ್ನು ಪರೀಕ್ಷಿಸಿದರು. ಅಸ್ಸಾಂನಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದರು. ಅಲ್ಲಿ ಸಾವಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಿತು. ನೂರರಲ್ಲಿ ತೊಂಬತ್ತೈದು ಮಂದಿಯನ್ನು ಕೊಲ್ಲುತ್ತಿದ್ದ ಕಾಯಿಲೆಯಲ್ಲಿ ಈಗ ನೂರರಲ್ಲಿ ಬಹುಪಾಲು ಜನ ಬದುಕುವಂತಾಯಿತು.

1922ರಲ್ಲೇ ಬ್ರಹ್ಮಚಾರಿಯವರು ಇನ್ನೊಂದು ಸಂಗತಿಯನ್ನೂ ಕಂಡರು. ಗುಣವಾದ ಕೆಲವರ ಚರ್ಮದ ಮೇಲೆ ಬಿಳಿಚಿದ ಮಚ್ಚೆಗಳು, ಸಣ್ಣ ಗಂಟುಗಳು ಕಾಣಿಸಿಕೊಂಡವು. ಅವುಗಳಲ್ಲಿ ಲೀಶ್‌ಮೇನಿಯಾ ಇತ್ತು! ರೋಗಿ ಆರೋಗ್ಯವಾಗಿಯೇ ಓಡಾಡುತ್ತಿದ್ದರೂ ಶತ್ರು ಚರ್ಮದಲ್ಲಿ ಅಡಗಿತ್ತು. ಇಂಥವರಿಂದ ಮರಳು ನೊಣಗಳು ರೋಗವನ್ನು ಮತ್ತೆ ಹರಡಬಲ್ಲವು ಎಂದು ಈಗ ನಮಗೆ ಗೊತ್ತು. ಆದ್ದರಿಂದ ಅವರಿಗೂ ಚಿಕಿತ್ಸೆ ಕೊಡುತ್ತಾರೆ.

ಬ್ರಹ್ಮಚಾರಿಯವರಿಗೆ ಅನೇಕ ಗೌರವಗಳು ಬಂದವು. 1934ರಲ್ಲಿ 'ಸರ್' ಪದವಿ ದೊರೆಯಿತು. 1936ರಲ್ಲಿ ಇಂದೋರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ನೊಬೆಲ್ ಬಹುಮಾನಕ್ಕೆ 1929ರಲ್ಲಿ ಮತ್ತು 1942ರಲ್ಲಿ ಅವರ ಹೆಸರನ್ನು ಸೂಚಿಸಲಾಗಿತ್ತು. ಬಹುಮಾನ ಬರಲಿಲ್ಲ. 1946ರ ಫೆಬ್ರವರಿ 6ರಂದು ಅವರು ತೀರಿಕೊಂಡರು.

ಔಷಧ ಎಲ್ಲಿಗೆ ಹೋಗಿ ತಾಗುತ್ತದೆ?

ಬ್ರಹ್ಮಚಾರಿಯವರ ಔಷಧ ಪರಾವಲಂಬಿಯನ್ನು ಕೊಲ್ಲುತ್ತಿತ್ತು, ನಿಜ. ಆದರೆ ಪರಾವಲಂಬಿಯ ಒಳಗೆ ಅದು ಯಾವ ಭಾಗಕ್ಕೆ ತಾಗುತ್ತದೆ ಎಂಬುದು ಅವರ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಔಷಧವು ಹೋಗಿ ತಾಗುವ ಭಾಗವನ್ನು ವಿಜ್ಞಾನಿಗಳು 'ಔಷಧದ ಗುರಿ' ಎನ್ನುತ್ತಾರೆ.

ಇದನ್ನು ತಿಳಿಯಲು ನಿಮಗೆ ಪರಿಚಿತವಾದ ಒಂದು ಉದಾಹರಣೆ ನೋಡಿ. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರಲ್ಲವೇ? ಅಗಿದು ತಿನ್ನುವ ಆ ಮಾತ್ರೆಯ ಹೆಸರು ಅಲ್ಬೆಂಡಜೋಲ್. ಹುಳುವಿನ ಜೀವಕೋಶಗಳಲ್ಲಿ ಪುಟ್ಟ ಕೊಳವೆಗಳಿವೆ. ಅವು 'ಟ್ಯೂಬುಲಿನ್' ಎಂಬ ಪ್ರೋಟೀನಿನಿಂದ ಆದವು. ಮಾತ್ರೆಯ ಔಷಧ ಆ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತದೆ. ಕೊಳವೆಗಳು ಕಟ್ಟಿಕೊಳ್ಳುವುದಿಲ್ಲ. ಹುಳು ಸಕ್ಕರೆಯನ್ನು ಹೀರಿಕೊಳ್ಳಲಾರದೆ ಹಸಿದು ಸಾಯುತ್ತದೆ. ನಮ್ಮಲ್ಲೂ ಟ್ಯೂಬುಲಿನ್ ಇದೆ. ಆದರೆ ಅದು ಸ್ವಲ್ಪ ಬೇರೆ ಬಗೆಯದು, ಔಷಧ ಅದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಜೊತೆಗೆ, ಔಷಧದ ಹೆಚ್ಚಿನ ಭಾಗ ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿಯುತ್ತದೆ. ಹೀಗಾಗಿ ಹುಳು ಸಾಯುತ್ತದೆ, ನಿಮಗೆ ತೊಂದರೆಯಾಗುವುದಿಲ್ಲ. ಇಲ್ಲಿ ಗುರಿ ಯಾವುದು? ಹುಳುವಿನ ಟ್ಯೂಬುಲಿನ್.

ಆಂಟಿಮನಿಯ ಗುರಿಯೂ ನಿಧಾನವಾಗಿ ಬೆಳಕಿಗೆ ಬಂತು. ಪ್ರತಿಯೊಂದು ಜೀವಕೋಶವೂ ತನ್ನನ್ನು ಹಾನಿಯಿಂದ ಕಾಪಾಡಿಕೊಳ್ಳಲು ಕೆಲವು ವಸ್ತುಗಳನ್ನು ಇಟ್ಟುಕೊಂಡಿರುತ್ತದೆ. ನಮ್ಮ ಕೋಶಗಳಲ್ಲಿರುವ ಅಂಥ ವಸ್ತು 'ಗ್ಲುಟಥಯೋನ್'. ಲೀಶ್‌ಮೇನಿಯಾ ಮುಖ್ಯವಾಗಿ ನೆಚ್ಚಿಕೊಂಡಿರುವುದು 'ಟ್ರೈಪನೊಥಯೋನ್' ಎಂಬ ಬೇರೆ ವಸ್ತುವನ್ನು. ಇದು ಪತ್ತೆಯಾದದ್ದು 1985ರಲ್ಲಿ. ಆಂಟಿಮನಿ ಈ ರಕ್ಷಣೆಯ ವ್ಯವಸ್ಥೆಯನ್ನೇ ಕೆಡಿಸುತ್ತದೆ ಎಂದು ಆಮೇಲಿನ ಸಂಶೋಧನೆಗಳು ತೋರಿಸಿದವು. ಬ್ರಹ್ಮಚಾರಿಯವರ ಔಷಧ ತಾಗುತ್ತಿದ್ದ ಒಂದು ಜಾಗ, ಅವರು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ ನಮಗೆ ಕಾಣಿಸತೊಡಗಿತು!

ಶತ್ರು ಪಾಠ ಕಲಿತಾಗ

ಯೂರಿಯಾ ಸ್ಟಿಬಮೈನ್ ನಂತರ ಆಂಟಿಮನಿಯ ಬೇರೆ ಔಷಧಗಳು ಬಂದು ಅದರ ಜಾಗ ತೆಗೆದುಕೊಂಡವು. ಹಲವು ದಶಕ ಚೆನ್ನಾಗಿ ಕೆಲಸ ಮಾಡಿದವು. ಆದರೆ 1990ರ ದಶಕದ ಹೊತ್ತಿಗೆ ಉತ್ತರ ಬಿಹಾರದಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳು ಆ ಔಷಧದಿಂದ ಗುಣವಾಗದೆ ಹೋದರು. ಪರಾವಲಂಬಿಗಳಲ್ಲಿ ಔಷಧವನ್ನು ತಾಳಿಕೊಳ್ಳುವಂಥವು ಉಳಿದುಕೊಂಡು, ಅವುಗಳ ಸಂತತಿಯೇ ಹೆಚ್ಚಾಗಿತ್ತು. ಹಳೆಯ ಬಾಣ ಮೊಂಡಾಯಿತು. ಹೊಸ ಗುರಿ ಹುಡುಕಬೇಕಾಯಿತು.

ಆಗ ವೈದ್ಯರು 'ಆಂಫೊಟೆರಿಸಿನ್ ಬಿ' ಎಂಬ ಔಷಧವನ್ನು ಬಳಸಿದರು. ಅದರ ಗುರಿ ಲೀಶ್‌ಮೇನಿಯಾದ ಹೊರಪೊರೆ. ನಮ್ಮ ಕೋಶಗಳ ಪೊರೆಯಲ್ಲಿ ಕೊಲೆಸ್ಟರಾಲ್ ಇದೆ. ಲೀಶ್‌ಮೇನಿಯಾದ ಪೊರೆಯಲ್ಲಿ ಅದರ ಬದಲು ಎರ್ಗೊಸ್ಟರಾಲ್ ಇದೆ. ಔಷಧ ಎರ್ಗೊಸ್ಟರಾಲನ್ನು ಹಿಡಿದು ಪೊರೆಯನ್ನು ಹಾಳುಮಾಡುತ್ತದೆ. ಈ ಔಷಧವನ್ನು ಕೊಬ್ಬಿನ ಅತಿ ಸಣ್ಣ ಗುಳ್ಳೆಗಳಲ್ಲಿ ತುಂಬಿ ಕೊಟ್ಟರೆ ಮೂತ್ರಪಿಂಡಕ್ಕೆ ಆಗುವ ಹಾನಿ ಕಡಿಮೆ. 2014ರಿಂದ ಭಾರತದಲ್ಲಿ ಇದನ್ನು ಒಂದೇ ಸಲಕ್ಕೆ ಕೊಟ್ಟು ಚಿಕಿತ್ಸೆ ಮುಗಿಸುವ ಕ್ರಮ ಬಂತು.

ಇಷ್ಟು ಸಾಕೇ? ಸಾಲದು. ಈ ಔಷಧವನ್ನು ರಕ್ತನಾಳಕ್ಕೆ ಹನಿಹನಿಯಾಗಿ ಹಾಕಬೇಕು, ತಂಪಾಗಿ ಇಡಬೇಕು. ಹಳ್ಳಿಗಳಿಗೆ ನುಂಗುವ ಮಾತ್ರೆ ಇದ್ದರೆ ಎಷ್ಟು ಅನುಕೂಲ! ಆದರೆ ಬಡವರ ಕಾಯಿಲೆಗಳಿಗೆ ಔಷಧ ಹುಡುಕಿದರೆ ಕಂಪನಿಗಳಿಗೆ ಲಾಭ ಕಡಿಮೆ. 1975ರಿಂದ 1999ರವರೆಗೆ ಜಗತ್ತಿನಲ್ಲಿ 1,393 ಹೊಸ ಔಷಧಗಳು ಬಂದವು. ಅವುಗಳಲ್ಲಿ ಉಷ್ಣವಲಯದ ಕಾಯಿಲೆಗಳಿಗೆ ಮತ್ತು ಕ್ಷಯಕ್ಕೆಂದು ಬಂದವು ಕೇವಲ 16! ಕಾಲಾ ಅಜಾರ್, ಆನೆಕಾಲು ರೋಗ, ಜಂತುಹುಳುವಿನ ಬಾಧೆ ಮುಂತಾದವನ್ನು 'ನಿರ್ಲಕ್ಷಿತ ಕಾಯಿಲೆಗಳು' ಎಂದು ಕರೆಯುವುದು ಇದಕ್ಕಾಗಿಯೇ.

ಹುಡುಕಾಟ ಮುಂದುವರಿದಿದೆ

2005ರಲ್ಲಿ ವಿಜ್ಞಾನಿಗಳು ಲೀಶ್‌ಮೇನಿಯಾದ ಒಂದು ಪ್ರಭೇದದ ಎಲ್ಲ ಜೀನುಗಳನ್ನು ಓದಿದರು. ಎಂಟು ಸಾವಿರಕ್ಕೂ ಹೆಚ್ಚು ಜೀನುಗಳು ಸಿಕ್ಕವು. ಜೀನುಗಳ ಪಟ್ಟಿ ಎಂದರೆ ಶತ್ರುವಿನ ಮನೆಯ ನಕ್ಷೆ ಇದ್ದ ಹಾಗೆ. ಈಗ ಪ್ರತಿಯೊಂದರ ಬಗ್ಗೆಯೂ ಮೂರು ಪ್ರಶ್ನೆ ಕೇಳಬಹುದು. ಇದಿಲ್ಲದೆ ಪರಾವಲಂಬಿ ಬದುಕಬಲ್ಲದೇ? ಇಂಥದೇ ಭಾಗ ಮನುಷ್ಯರಲ್ಲೂ ಇದೆಯೇ? ಇದ್ದರೆ ಆಕಾರದಲ್ಲಿ ವ್ಯತ್ಯಾಸವಿದೆಯೇ?

ಒಂದು ಉದಾಹರಣೆ ಕೇಳಿ. ಹಳೆಯ, ಕೆಟ್ಟ ಪ್ರೋಟೀನುಗಳನ್ನು ಕತ್ತರಿಸುವ 'ಪ್ರೋಟಿಯಸೋಮ್' ಎಂಬ ಯಂತ್ರ ಲೀಶ್‌ಮೇನಿಯಾದಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ಲೀಶ್‌ಮೇನಿಯಾದ ಯಂತ್ರದ ಆಕಾರ ಸ್ವಲ್ಪ ಬೇರೆ. ಆ ಯಂತ್ರವನ್ನು ನಿಲ್ಲಿಸಿ, ನಮ್ಮದನ್ನು ಮುಟ್ಟದೆ ಬಿಡುವ ವಸ್ತುವೊಂದನ್ನು 2016ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದೇ ವಸ್ತು ನಿದ್ರಾ ರೋಗದ ಪರಾವಲಂಬಿಯ ಮೇಲೂ ಪರಿಣಾಮ ಬೀರಿತು. ನೆಂಟರಾದ ಪರಾವಲಂಬಿಗಳಿಗೆ ಒಂದೇ ಗುರಿ! ಅಟಾಕ್ಸಿಲ್ ನೋಡಿ ಆಂಟಿಮನಿಯನ್ನು ನೆನೆದ ಬ್ರಹ್ಮಚಾರಿಯವರ ಯೋಚನೆ ನಿಮಗೆ ಇಲ್ಲಿ ಜ್ಞಾಪಕಕ್ಕೆ ಬಂದಿರಬೇಕು.

ಕಾಲಾ ಅಜಾರ್ ಈಗ ಬಹಳ ಕಡಿಮೆಯಾಗಿದೆ. 2023ರಲ್ಲಿ ಬಾಂಗ್ಲಾದೇಶವು ಈ ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಹೀಗೆ ಘೋಷಿತವಾದ ಮೊದಲ ದೇಶ ಅದು. ಭಾರತದಲ್ಲೂ ರೋಗಿಗಳ ಸಂಖ್ಯೆ ತುಂಬ ಇಳಿದಿದೆ. ಮನೆಗಳ ಗೋಡೆಗೆ ಕೀಟನಾಶಕ ಸಿಂಪಡಿಸಿದ್ದು, ರೋಗಿಗಳನ್ನು ಬೇಗ ಪತ್ತೆಹಚ್ಚಿದ್ದು, ಒಳ್ಳೆಯ ಔಷಧ ಕೊಟ್ಟದ್ದು ಇದಕ್ಕೆ ಕಾರಣ. ಆದರೆ ಪೂರ್ವ ಆಫ್ರಿಕದ ದೇಶಗಳಲ್ಲಿ ಈ ಕಾಯಿಲೆ ಇನ್ನೂ ಮಕ್ಕಳ ಪ್ರಾಣ ತೆಗೆಯುತ್ತಿದೆ. ಅವರಿಗಾಗಿ ಹೊಸ ಗುರಿಗಳ ಹುಡುಕಾಟ ನಡೆಯುತ್ತಲೇ ಇದೆ.

ಯೋಚಿಸಿ, ಚರ್ಚಿಸಿ

1. ಪರಾವಲಂಬಿಗೂ ಮನುಷ್ಯನಿಗೂ ವ್ಯತ್ಯಾಸವೇ ಇಲ್ಲದ ಭಾಗವನ್ನು ಔಷಧದ ಗುರಿಯಾಗಿ ಆರಿಸಿದರೆ ಏನಾಗುತ್ತದೆ?

2. ವೈದ್ಯರು ಹೇಳಿದಷ್ಟು ದಿನ ಔಷಧ ತೆಗೆದುಕೊಳ್ಳದೆ ಅರ್ಧಕ್ಕೇ ಬಿಟ್ಟರೆ ಯಾವ ಪರಾವಲಂಬಿಗಳು ಉಳಿದುಕೊಳ್ಳುತ್ತವೆ?

3. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ, ಆ ಹುಳುಗಳು ನಮ್ಮ ದೇಹವನ್ನು ಹೇಗೆ ಸೇರುತ್ತವೆ ಎಂದು ಆರೋಗ್ಯ ಕಾರ್ಯಕರ್ತೆಯರನ್ನು ಕೇಳಿ ಬರೆದುಕೊಳ್ಳಿ.